ಲಿಂಬೆಹಣ್ಣು ತುಳಿಯದ ಲಾರಿ

ವಯಸ್ಸಾದಂತೆ ಗಂಡಸರಿಗೆ ಬುದ್ಧಿ ಬರುತ್ತದೆ ಎಂಬ ಮಾತನ್ನು ಹುಟ್ಟಿಸಿದವನು ಗಂಡಸೇ ಇರಬೇಕು. ಯಾವ ಹೆಂಗಸೂ ಅದನ್ನು ಒಪ್ಪಿದ್ದನ್ನು ನಾನು ಕಂಡಿಲ್ಲ. ಬುದ್ಧಿ ಬರಬೇಕಾದ ಕಾಲಕ್ಕೆ ಸರಿಯಾಗಿ ನನ್ನ ಮನೆಗೆ ಬಂದದ್ದು ಒಂದು ರಿಮೋಟ್ ಟ್ರಕ್ಕು. ಮೋಟೆಬೆನ್ನೂರಿನ ಹೆದ್ದಾರಿಯ ಮಗ್ಗುಲಲ್ಲೇ ಬೆಳೆದ ನನಗೆ ಚಿಕ್ಕಂದಿನಿಂದ ಇದ್ದದ್ದು ಒಂದೇ ಆಸೆ: ಲಾರಿಯಲ್ಲಿ ಕೆಲಸ ಸಿಗಬೇಕು. ಡ್ರೈವರು ಮೇಲೆ ಮಹಾರಾಜನಂತೆ ಕೂತಿರುತ್ತಿದ್ದ, ಕ್ಲೀನರು ಕೆಳಗೆ ಓಡಾಡುತ್ತ "ಬರ್ಲಿ, ಬರ್ಲಿ, ರೈಟ್!" ಎಂದು ಕೂಗುತ್ತಿದ್ದ. ಕಡೆಗೆ ನಾನಾದದ್ದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ದಿನಾ ನನ್ನ ಅಂಗಡಿಯ ಮುಂದೆ ಲಾರಿಗಳು ತುಂಬಿ ಹೊರಡುತ್ತವೆ, ನಾನು ಸೀನುತ್ತ ನಿಂತಿರುತ್ತೇನೆ. ಗಾಡಿ ಕಲಿಯಲಿಲ್ಲವೆಂದಲ್ಲ. ಕಾರು ಕಲಿಯುವಾಗ ಪಕ್ಕದ ಮನೆಯ ಬಸಣ್ಣನ ಕಟ್ಟೆ ಕೆಡವಿದ್ದೆ. ಆತ ಅದನ್ನು ಮತ್ತೆ ಕಟ್ಟಿಸಿಕೊಂಡ. ಆದರೆ ಇಂದಿಗೂ ನಾನು ಕೀ ಹಿಡಿದು ಹೊರಬಂದರೆ ಸಾಕು, ಕಟ್ಟೆಯ ಮೇಲೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಗೌರವಕ್ಕಲ್ಲ.

ಹಾವೇರಿಗೆ ಮದುವೆಯೊಂದಕ್ಕೆ ಹೋದವನು ಆಟಿಕೆ ಅಂಗಡಿಯಲ್ಲಿ ಆ ಟ್ರಕ್ಕನ್ನು ಕಂಡೆ. ಹೊಸದಾಗಿ ಕಲಿಯುವವರಿಗೆಂದೇ ಮಾಡಿದ ಬಡಪಾಯಿ ಗಾಡಿ. ಪ್ಲಾಸ್ಟಿಕ್ ಗೇರು, ಸಣ್ಣ ಟೈರು. ಆದರೂ ಲಾರಿ ಲಾರಿಯೇ. ಮನೆಗೆ ತಂದಾಗ ಹೆಂಡತಿ ಗಿರಿಜಾ, "ಯಾರಿಗ್ರಿ ಇದು?" ಎಂದಳು.

"ಮೊಮ್ಮಗಳಿಗೆ" ಎಂದೆ. ಮೊಮ್ಮಗಳು ಆಗಿನ್ನೂ ಅಂಬೆಗಾಲೂ ಇಟ್ಟಿರಲಿಲ್ಲ.

"ಹೌದೇನ್ರಿ? ಹಂಗಾರ ಅಕಿ ಲೈಸೆನ್ಸ್ ತೊಗೊಳ್ಳೂತನಕ ಕಪಾಟಿನ್ಯಾಗ ಇರ್ಲಿ ಬಿಡ್ರಿ."

ಕಪಾಟಿನಲ್ಲಿ ಅದು ನಿಂತದ್ದು ಆಯುಧ ಪೂಜೆಯವರೆಗೆ ಮಾತ್ರ. ಹಬ್ಬದ ದಿನ ಓಣಿಯ ಗಾಡಿಗಳೆಲ್ಲ ತೊಳೆಸಿಕೊಂಡು ಸಾಲಾಗಿ ನಿಂತಿದ್ದವು. ಬಸಣ್ಣನ ಟ್ರ್ಯಾಕ್ಟರಿನ ಪಕ್ಕದಲ್ಲಿ ನನ್ನ ಟ್ರಕ್ಕನ್ನೂ ನಿಲ್ಲಿಸಿದೆ. ಗಿರಿಜಾ ಬೈಯುತ್ತಲೇ ಕುಂಕುಮ ಹಚ್ಚಿ ಚೆಂಡು ಹೂ ಏರಿಸಿದಳು. ಟ್ರ್ಯಾಕ್ಟರು ತನ್ನ ಲಿಂಬೆಹಣ್ಣನ್ನು ತುಳಿದು ಮುಂದೆ ಹೋಯಿತು. ನಾನೂ ಟ್ರಕ್ಕಿನ ಗಾಲಿಗೆ ಒಂದು ದಪ್ಪ ಲಿಂಬೆಹಣ್ಣು ಕೊಟ್ಟು ರಿಮೋಟ್ ಒತ್ತಿದೆ. ಹಣ್ಣು ಉರುಳಿತು. ಟ್ರಕ್ಕು ಅದನ್ನು ನೂಕಿತು. ಹಣ್ಣು ಮುಂದೆ, ಟ್ರಕ್ಕು ಹಿಂದೆ, ರಿಮೋಟ್ ಹಿಡಿದ ನಾನು ಅದರ ಹಿಂದೆ. ಹೀಗೆ ಓಣಿಯುದ್ದಕ್ಕೂ ಹೋಗಿ ಹಣ್ಣು ಗಟಾರಕ್ಕೆ ಬಿದ್ದ ಮೇಲೆಯೇ ನಾವು ನಿಂತದ್ದು.

"ಸಾವ್ಕಾರ್ರ, ನಿಮ್ಮ ಗಾಡಿ ಲಿಂಬಿಹಣ್ಣಿನ ಮೆರವಣಿಗಿ ಮಾಡಾಕತ್ತೈತಲ್ರಿ!" ಎಂದ ಬಸಣ್ಣ. ಓಣಿಯೆಲ್ಲ ನಕ್ಕಿತು.

ಗಿರಿಜಾ ನಗಲಿಲ್ಲ. "ಲಿಂಬಿಹಣ್ಣು ತುಳೀದ ಗಾಡಿ ಬೀದಿಗೆ ಇಳೀಬಾರ್ದು ನೋಡ್ರಿ. ದೀಪಾವಳಿ ಪಾಡ್ಯಕ್ಕ ಮತ್ತ ಪೂಜಿ ಐತಿ. ಅವತ್ತು ತುಳಿದ್ರ ಸರಿ, ಇಲ್ಲಾಂದ್ರ ಸೀದಾ ಅಟ್ಟಕ್ಕ" ಎಂದು ತೀರ್ಪು ಕೊಟ್ಟಳು.

ಜೀವನದಲ್ಲಿ ಸಿಕ್ಕ ಒಂದೇ ಒಂದು ಲಾರಿ ಅಟ್ಟ ಸೇರುವುದೆಂದರೆ! ದೊಡ್ಡ ಟೈರು ತರಿಸಿದೆ. ಅವು ಟ್ರಕ್ಕಿನ ಮೈಗೆ ಉಜ್ಜಿದವು, ಎತ್ತರದ ಸ್ಪ್ರಿಂಗು ಹಾಕಿದೆ. ಭಾರಕ್ಕೆ ಮೋಟಾರು ಏದುಸಿರು ಬಿಟ್ಟಿತು, ಗಟ್ಟಿ ಮೋಟಾರು ತರಿಸಿದೆ. ಅದರ ರಭಸಕ್ಕೆ ಗೇರಿನ ಹಲ್ಲು ಉದುರಿತು, ಉಕ್ಕಿನ ಗೇರು ಬಂತು. ಇಲಿಯಿಂದ ಕೌಪೀನ ಕಾಯಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆಂದು ಹಸು ಕಟ್ಟಿದ ಸನ್ಯಾಸಿಯ ಸಂಸಾರ ನನ್ನದಾಯಿತು. ಬೀಜದ ವ್ಯಾಪಾರಿಯನ್ನು ಕಾಣಬೇಕೆಂದು ಅಂಗಡಿಯಲ್ಲಿ ಸುಳ್ಳು ಹೇಳಿ ರಾಣೆಬೆನ್ನೂರಿಗೆ ಹೋಗಿ, ಮೊಬೈಲ್ ರಿಪೇರಿಯವನ ಕೈಯಲ್ಲಿ ಹೊಸ ಬ್ಯಾಟರಿಗೆ ವೈರು ಬೆಸೆಸಿಕೊಂಡು ಬಂದೆ. ಊಟದ ಮೇಜಿನ ಮೇಲೆ ಸ್ಕ್ರೂ, ಗ್ರೀಸು. ನನ್ನ ಬಾಯಲ್ಲಿ ಎಂದೂ ಇಲ್ಲದ ಹಾಡು. ಖರೇ ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಎಂದೂ ಇದ್ದಿಲ್ಲ.

ಪಾಡ್ಯ ಬಂತು. ಓಣಿಯೆಲ್ಲ ನೆರೆಯಿತು. ಈ ಸಲ ಹಣ್ಣು ಉರುಳದಂತೆ ಅದರ ಮುಂದೊಂದು ಇಟ್ಟಿಗೆಯ ಚೂರು ಇಟ್ಟೆ. ದೇವರನ್ನು ನೆನೆದು ರಿಮೋಟನ್ನು ಪೂರ್ತಿ ಒತ್ತಿದೆ. ಟ್ರಕ್ಕು ಗುಯ್ಯೆಂದು ಹಣ್ಣಿನ ಮೇಲಿಂದಲೇ ಹಾರಿ, ಬಸಣ್ಣನ ಕಟ್ಟೆಗೆ ಗುದ್ದಿ, ಅಂಗಾತ ಬಿದ್ದು ನಾಲ್ಕೂ ಗಾಲಿ ತಿರುಗಿಸತೊಡಗಿತು. ಕಟ್ಟೆಯ ಮೇಲಿದ್ದವರು ಅಭ್ಯಾಸಬಲದಿಂದ ಆಗಲೇ ಎದ್ದಾಗಿತ್ತು. ಲಿಂಬೆಹಣ್ಣಿಗೆ ಒಂದು ಗೀರೂ ಇರಲಿಲ್ಲ. ನನಗೆ ಅಳುವೇ ಬಂದಂತಾಯಿತು.

"ಕೊಡ್ರಿ ಇಲ್ಲೆ" ಎಂದಳು ಗಿರಿಜಾ. ಟ್ರಕ್ಕನ್ನು ಎತ್ತಿ ತಂದು ನಿಲ್ಲಿಸಿದಳು. ಲಿಂಬೆಹಣ್ಣನ್ನು ಎರಡು ಹೋಳು ಮಾಡಿ, ಒಂದನ್ನು ಬೋರಲಾಗಿ ಗಾಲಿಯ ಕೆಳಗಿಟ್ಟಳು. ಮೋಟಾರಿನ ಹೊಲಿಗೆ ಯಂತ್ರದ ಪೆಡಲು ಒತ್ತಿ ಪಳಗಿದವಳು, ರಿಮೋಟನ್ನು ಮೆತ್ತಗೆ ಒತ್ತಿದಳು. ಟ್ರಕ್ಕು ಹೋಳಿನ ಮೇಲೇರಿ ರಸ ಪಿಚಕ್ಕೆನಿಸಿ ಆಚೆ ಇಳಿಯಿತು. ಓಣಿ ಚಪ್ಪಾಳೆ ತಟ್ಟಿತು.

"ಹೋಳು ಇಟ್ಟಿದ್ರ ಹಳೇ ಟೈರಿಗೂ ಆಗ್ತಿತ್ತಲ್ಲೇ! ಇದು ನಿನಗ ಮೊದಲ ಗೊತ್ತಿತ್ತೇನು?" ಎಂದೆ.

"ಗೊತ್ತಿತ್ರಿ. ಹಾಡ್ಕೋತ ಕುಂತಿದ್ರಿ, ಯಾಕ ಕೆಡಸ್ಲಿ ಅಂತ ಸುಮ್ನಾದೆ" ಎಂದಳು, ಕಣ್ಣನ್ನು ಟ್ರಕ್ಕಿನಿಂದ ತೆಗೆಯದೆ.

ನಾನು ರಿಮೋಟಿಗೆ ಕೈ ಚಾಚಿದೆ. ಅವಳಿಗೆ ಕಾಣಿಸಲಿಲ್ಲ. ಟ್ರಕ್ಕು ಓಣಿಯಲ್ಲಿ ಜುಮ್ಮೆಂದು ಹೊರಟಿತು. ಕಟ್ಟೆಯ ಮೇಲಿದ್ದವರು ಆರಾಮಾಗಿ ಮತ್ತೆ ಕೂತರು. ಎದುರಿಗೊಂದು ಎಮ್ಮೆ ಬರುತ್ತಿತ್ತು. ಅದನ್ನು ಬದಿಗೆ ಸರಿಸಲು ಓಡಿದೆ, ಟ್ರಕ್ಕಿನ ಗಾಲಿಗೆ ಸಿಕ್ಕಿದ್ದ ಹೂ ಕಿತ್ತೆ, ಕೈ ಬೀಸುತ್ತ "ಬರ್ಲಿ, ಬರ್ಲಿ, ರೈಟ್!" ಎಂದು ಕೂಗಿದೆ. ಕೂಗಿದ ಮೇಲೆ ಹೊಳೆಯಿತು: ಲಾರಿಯಲ್ಲಿ ಕೆಲಸ ಸಿಗಲೆಂದು ದೇವರಲ್ಲಿ ಬೇಡಿಕೊಳ್ಳುವಾಗ, ಯಾವ ಕೆಲಸವೆಂದು ನಾನು ಬಿಡಿಸಿ ಹೇಳಿರಲಿಲ್ಲ.