ಡ್ರಿಲ್ ಮೇಷ್ಟ್ರ ಶಿಷ್ಯೆ

ಸೋಮಲಿಂಗಪ್ಪನವರು ಆ ವಿಷಯವನ್ನು ಪಿಳ್ಳಣ್ಣನಿಗೆ ಹೇಳಬಾರದಿತ್ತು. ಸಾವಿರದ ಒಂಬೈನೂರ ಎಂಬತ್ತಾರರ ಒಂದು ಭಾನುವಾರ ಬೆಳಿಗ್ಗೆ, ಇಟ್ಟಮಡುವಿನ ಅವನ ಸೈಕಲ್ ಶಾಪಿನಲ್ಲಿ ಚಕ್ರಕ್ಕೆ ಗಾಳಿ ಹೊಡೆಸುತ್ತಾ, ಸಂಜೆ ಟೀವಿಯಲ್ಲಿ ಜಯದೇವಿ ಬರುತ್ತಾಳೆ, ನನ್ನ ಹಳೇ ಶಿಷ್ಯೆ ಎಂದುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಬೀದಿಯವರ ಬಾಯಲ್ಲಿ ಅವಳು ಮೇಷ್ಟ್ರ ಸ್ವಂತ ಮಗಳಾಗಿದ್ದಳು.

ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಜಯನಗರದ ಶಾಲೆಯೊಂದರಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದಾಗ, ತೀರಿಹೋದ ಹೆಂಡತಿಯ ಸೀರೆಯ ಅಂಚನ್ನು ಕೋಲಿನ ತುದಿಗೆ ಕಟ್ಟಿ ಈ ಹುಡುಗಿಯ ಕೈಗೆ ಕೊಟ್ಟಿದ್ದರು. ಅವಳು ಬೀಸಿದರೆ ಅದು ಗಾಳಿಯಲ್ಲೇ ಜಿಲೇಬಿ ಸುತ್ತುತ್ತಿತ್ತು. ಆಮೇಲೆ ಅವಳಪ್ಪನಿಗೆ ದಿಲ್ಲಿಗೆ ವರ್ಗವಾಯಿತು. ಅದೇ ಆಟವನ್ನು ರೇಷ್ಮೆ ರಿಬ್ಬನ್ ಹಿಡಿದು, ರಿದಮಿಕ್ ಜಿಮ್ನಾಸ್ಟಿಕ್ಸ್ ಎಂಬ ದೊಡ್ಡ ಹೆಸರಿನಲ್ಲಿ ಆಡುತ್ತಾ ಅವಳು ತಾಷ್ಕೆಂಟ್, ಸೋಫಿಯಾ, ಮ್ಯೂನಿಕ್ ಸುತ್ತಿದಳು. ಮೇಷ್ಟ್ರು ಪೇಪರಿನಲ್ಲಿ ಓದಿ, ಆ ಊರುಗಳನ್ನು ಶಾಲೆಯ ಭೂಪಟದಲ್ಲಿ ಹುಡುಕುತ್ತಿದ್ದರು. ಅವಳಿಂದ ಮಾತ್ರ ಒಂದು ಮಾತೂ ಬಂದಿರಲಿಲ್ಲ. ತಮ್ಮ ನೆನಪು ಅವಳಿಗಿದೆಯೇ, ಅಷ್ಟು ತಿಳಿದರೆ ಅವರಿಗೆ ಸಾಕಿತ್ತು. ಇವತ್ತು ಆಟದ ನಂತರ ಸಂದರ್ಶನವೂ ಇತ್ತು.

ಬೀದಿಗೆಲ್ಲ ಒಂದೇ ಟೀವಿ, ಮೇಷ್ಟ್ರ ಮನೆ ಓನರ್ ನಾಗಲಕ್ಷ್ಮಮ್ಮನದು. ಸಂಜೆ ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಹೋದರೆ ಅವರ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಪಕ್ಕದ ಮನೆಯ ಮುನಿಯಕ್ಕ ಟೀವಿಗೆ ಕುಂಕುಮವಿಟ್ಟು, ಮಗಳ ಮದುವೆ ಯಾವಾಗ ಎಂದು ಮೇಷ್ಟ್ರನ್ನು ವಿಚಾರಿಸಿದಳು. ಎಲ್ಲರೂ ಸೇರಿ ಮೇಷ್ಟ್ರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಟೀವಿಯವರು ಜಯದೇವಿಯ ಹೆಸರು ಹೇಳಿದ್ದೇ ತಡ, ಪರದೆಯ ತುಂಬ ರವೆ ಚೆಲ್ಲಿದಂತಾಯಿತು.

ಗಾಳಿಗೆ ಆಂಟೆನಾ ತಿರುಗಿದೆ ಎಂದು ಪಿಳ್ಳಣ್ಣ ತೀರ್ಪು ಕೊಟ್ಟ. ಅವನಿಗೆ ಮಂಡಿನೋವು. ಉಳಿದವರಿಗೆ ಎದ್ದರೆ ಜಾಗ ಹೋದೀತೆಂಬ ಭಯ.

"ಡ್ರಿಲ್ ಮೇಷ್ಟ್ರಲ್ವಾ ಸಾರ್, ನೀವೇ ಹತ್ತಿ. ಒಂದ್ನಿಮಿಷದ ಕೆಲ್ಸ," ಎಂದ.

ಮೇಷ್ಟ್ರು ಮಹಡಿ ಹತ್ತಿ, ಆಂಟೆನಾದ ಕಂಬ ಹಿಡಿದು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಒಂದು ಕಾಲನ್ನು ನೀರಿನ ತೊಟ್ಟಿಯ ಮೇಲಿಟ್ಟು ಮೈ ಚಾಚಿದಾಗ, ಬಂತು, ಹಂಗೇ ಇರಿ ಎಂಬ ಕೂಗು ಕೇಳಿಸಿತು. ಕೈ ಸಡಿಲಿಸಿದರೆ ಕೆಳಗಿನವರೆಲ್ಲ ಅಯ್ಯೋ ಎನ್ನುತ್ತಿದ್ದರು. ಮೇಷ್ಟ್ರು ಕೊಕ್ಕರೆಯಂತೆ ನಿಂತೇ ಇದ್ದರು. ಕೆಳಗಿನ ಚಪ್ಪಾಳೆಯಿಂದಲೇ ರಿಬ್ಬನ್ ಯಾವಾಗ ಹಾರಿತು, ಯಾವಾಗ ಅವಳ ಕೈಗೆ ಮರಳಿತು ಎಂದು ಊಹಿಸಿದರು. ಸಂದರ್ಶನದಲ್ಲಿ ಅವಳೇನು ಹೇಳಿದಳೆಂದು ಇವರೆಲ್ಲ ಹೇಳುತ್ತಾರಲ್ಲ ಎಂದು ಸಮಾಧಾನ ತಂದುಕೊಂಡರು.

ಕಾರ್ಯಕ್ರಮ ಮುಗಿದ ಮೇಲೆ ಕಾಲೆಳೆಯುತ್ತಾ ಇಳಿದು ಬಂದು, ಅವಳು ಮಾತಾಡಿದಳೇ ಎಂದು ಕೇಳಿದರು.

"ಬೇಕಾದಷ್ಟು ಮಾತಾಡಿದ್ಲು ಮೇಷ್ಟ್ರೇ," ಎಂದಳು ಮುನಿಯಕ್ಕ. "ಯಾರನ್ನೋ ನೆನೆಸ್ಕೊಂಡು ಕಣ್ಣೊರೆಸ್ಕೊಂಡ್ಲು. ಕೈ ಮುಗಿದ್ಲು."

"ಯಾರನ್ನ? ಹೆಸರು ಹೇಳಿದ್ಲಾ?"

ನಾಗಲಕ್ಷ್ಮಮ್ಮನೇ ನಿಜ ಹೇಳಿದರು.

"ನೀವು ಕಂಬ ಹಿಡ್ಕೊಂಡಾಗ ಬೊಂಬೆ ಬಂತು ಮೇಷ್ಟ್ರೇ, ಸೌಂಡ್ ಬರ್ಲಿಲ್ಲ. ಹೇಳಿದ್ರೆ ನೀವು ಮತ್ತೆ ತಿರುಗಿಸ್ತೀರಿ, ಇರೋ ಬೊಂಬೇನೂ ಹೋಗುತ್ತೆ ಅಂತ ಸುಮ್ನಿದ್ವಿ."

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಮುನಿಯಕ್ಕನಿಗೆ ಪಾಪ ಎನಿಸಿತು. ಕೈ ಮುಗಿಯುವಾಗ ಜಯದೇವಿ ಶುರುವಿಗೇ ತುಟಿ ಕೂಡಿಸಿ ಏನೋ ಚಿಕ್ಕ ಮಾತು ಅಂದಳು ಎಂದು ನೆನಪಿಸಿಕೊಂಡಳು.

ಮೇಷ್ಟ್ರು ಸದ್ದಿಲ್ಲದೆ ತಮ್ಮ ಹೆಸರನ್ನು ಅಂದು ನೋಡಿದರು. ಶುರುವಿಗೆ ತುಟಿ ಕೂಡಲಿಲ್ಲ. ಆಗ ಹೊಳೆಯಿತು, ಶಾಲೆಯಲ್ಲಿ ಮಿಕ್ಕವರೆಲ್ಲ ಸಾರ್ ಎನ್ನುತ್ತಿದ್ದರೆ ಜಯದೇವಿ ಮಾತ್ರ ಮೇಷ್ಟ್ರೇ ಎನ್ನುತ್ತಿದ್ದಳು. ಅದನ್ನು ಮೆಲ್ಲಗೆ ಅಂದು ನೋಡಿದರು. ತುಟಿ ಕೂಡಿತು. ಅವರ ಕಣ್ಣು ತುಂಬಿ ಬಂತು.

"ಮಮ್ಮೀ ಅಂದಿರ್ಬೇಕು ಸಾರ್," ಎಂದ ಪಿಳ್ಳಣ್ಣ.