ಕಾವಲುಗಾರನಿಗೆ ಒಂದೇ ಮಾತು

ಎಲ್ಲ ರಗಳೆಗೂ ಮೂಲ ಒಂದು ಬೀಗದಕೈ. ಅದನ್ನು ಗುಮಾಸ್ತನ ಸೊಂಟಕ್ಕೆ ಕಟ್ಟಿದವಳು ಟೈಪಿಸ್ಟ್ ಅಕ್ಕ. ನೀರು ಸರಬರಾಜು ಕಚೇರಿಯ ವಾರ್ಷಿಕೋತ್ಸವಕ್ಕೆ ಆ ಸಂಜೆ ನಾಟಕವಿತ್ತು. ವೇಷ ಹೊಲಿಯುವುದು, ತೊಡಿಸುವುದು, ಬೈಯುವುದು ಮೂರೂ ಅಕ್ಕನ ಪಾಲಿಗೆ ಬಂದಿದ್ದವು.

"ಇದ್ಯಾಕಕ್ಕಾ?" ಎಂದ ಗುಮಾಸ್ತ.

"ನೀನು ಸೆರೆಮನೆ ಕಾವಲುಗಾರ ಅಲ್ವೇನೋ? ಬರೀ ಸೊಂಟದಲ್ಲಿ ನಿಂತ್ರೆ ಜನ ನಗ್ತಾರೆ. ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ."

ಅಲ್ಲಾಡದೆ ನಿಲ್ಲುವುದರಲ್ಲಿ ಗುಮಾಸ್ತನನ್ನು ಮೀರಿಸುವವರು ಇಡೀ ಕಚೇರಿಯಲ್ಲಿ ಇರಲಿಲ್ಲ. ಟಪಾಲು ವಿಭಾಗದ ಈ ಪುಣ್ಯಾತ್ಮ ಯಾರು ಏನು ಹೇಳಿದರೂ ತಲೆಯಾಡಿಸುವವನು. ಪಕ್ಕದ ಮೇಜಿನ ಕೆಲಸ, ಅದರಾಚೆಯ ಮೇಜಿನ ಕೆಲಸ, ಎಲ್ಲವೂ ತಾವಾಗಿಯೇ ಕಾಲು ಬಂದಂತೆ ಇವನ ಮೇಜಿಗೆ ಬಂದು ಕೂರುತ್ತಿದ್ದವು.

ನಾಟಕ ಬರೆದವರು ಮ್ಯಾನೇಜರು, ಆಡಿಸುವವರು ಮ್ಯಾನೇಜರು, ಐವತ್ತು ದಾಟಿದ ರಾಜಕುಮಾರನೂ ಮ್ಯಾನೇಜರೇ. ಕಥೆಯಲ್ಲಿ ರಾಜಕುಮಾರ ಹುಟ್ಟಿದಾಗಲೇ ಜೋಯಿಸರು ಇವನಿಗೆ ಶಿರಚ್ಛೇದ ಎಂದು ಹೇಳಿಬಿಟ್ಟಿರುತ್ತಾರೆ. ತಪ್ಪಿಸಲು ಹೋದಷ್ಟೂ ಎಲ್ಲರೂ ಸೇರಿ ಅವನನ್ನು ಅಲ್ಲಿಗೇ ತಳ್ಳುತ್ತಾರೆ. ಕೊನೆಗೆ ಸೆರೆಮನೆಯಲ್ಲಿ ರಾಜಕುಮಾರ, "ಕಾವಲುಗಾರ, ನನ್ನ ಮಗಳನ್ನು ಒಮ್ಮೆ ನೋಡಬೇಕು" ಎನ್ನುತ್ತಾನೆ. ಕಾವಲುಗಾರ, "ಎಲ್ಲವೂ ಬರೆದಿಟ್ಟಾಗಿದೆ, ರಾಜಕುಮಾರ. ನಾನೇನು ಮಾಡಲಿ?" ಎನ್ನಬೇಕು. ಗುಮಾಸ್ತನಿಗೆ ಇದ್ದದ್ದು ಅದೊಂದೇ ಮಾತು. ಆಮೇಲೆ ರಾಜಕುಮಾರನ ಭಾಷಣ, ಅದು ಯಾವಾಗ ಮುಗಿಯುವುದೋ ದೇವರಿಗೇ ಗೊತ್ತು.

ಸೊಂಟದಲ್ಲಿ ಬೀಗದಕೈ ತೂಗಿದ ಮೇಲೆ ಗುಮಾಸ್ತನ ತಲೆಯೊಳಗೆ ಹುಳ ಹೊಕ್ಕಿತು. ಟೀ ಹೊತ್ತಿಗೆ ಲೆಕ್ಕ ವಿಭಾಗದ ಹಿರಿಯರೊಬ್ಬರ ಬಳಿ ಹೋದ. ಅವರನ್ನು ಎಲ್ಲರೂ ವೇದಾಂತಿ ಎಂದೇ ಕರೆಯುತ್ತಿದ್ದರು. ನಾಟಕದಲ್ಲಿ ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವ ಕೆಲಸ ಅವರದು.

"ಸಾರ್, ಬೀಗದಕೈ ನನ್ನ ಹತ್ರಾನೇ ಇದೆ. ಮತ್ತೆ 'ನಾನೇನು ಮಾಡಲಿ' ಅಂತ ಯಾಕೆ ಕೇಳ್ತೀನಿ?"

"ಬೀಗದಕೈ ಇದ್ರೆ ಸಾಕೇನಯ್ಯಾ? ತೆಗೀಬೇಕು ಅಂತ ಅನ್ನಿಸ್ಬೇಕಲ್ಲ. ಆ ಅನ್ನಿಸೋದು ನಿನ್ನ ಇಷ್ಟದ ಪ್ರಕಾರ ಬರಲ್ಲ. ನಿಮ್ಮಪ್ಪ ಎಂಥವ್ರು, ಮೇಷ್ಟ್ರು ಎಷ್ಟು ಹೊಡೆದ್ರು, ಬೆಳಿಗ್ಗೆ ಏನು ತಿಂದೆ, ಎಲ್ಲಾ ಸೇರಿ ನಿನ್ನ ತಳ್ಳುತ್ತೆ. ನೀನು 'ನಾನೇ ತೀರ್ಮಾನ ಮಾಡ್ದೆ' ಅಂತ ಮೀಸೆ ತಿರುವ್ತೀಯ."

"ಹಾಗಾದ್ರೆ ಕೊಲೆ ಮಾಡಿದವನದೂ ತಪ್ಪಿಲ್ಲ ಅನ್ನಿ!"

"ಇಲ್ಲ. ಅವನನ್ನ ಒಳಗೆ ಹಾಕೋ ನ್ಯಾಯಾಧೀಶರದೂ ತಪ್ಪಿಲ್ಲ. ಅಷ್ಟು ದೂರ ಯಾಕೆ ಹೋಗ್ತೀಯ, ನಿನ್ನನ್ನೇ ನೋಡ್ಕೋ. ಈ ಕಚೇರಿಗೆ ಸೇರಿದಾಗಿಂದ ಒಬ್ಬರಿಗಾದ್ರೂ 'ಆಗಲ್ಲ' ಅಂದಿದ್ದೀಯಾ?"

ಗುಮಾಸ್ತ ಟೀ ಆರುವ ತನಕ ಯೋಚಿಸಿದ. ಒಂದೂ ನೆನಪಾಗಲಿಲ್ಲ. ಅವನಿಗೆ ಅಳು ಬಂದಂತಾಯಿತು.

ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಕೆಟ್ಟ ಧೈರ್ಯ ಬಂದು ಮ್ಯಾನೇಜರ ಕೋಣೆಗೇ ನುಗ್ಗಿದ. "ಸಾರ್, ಕಾವಲುಗಾರ ಬೀಗ ತೆಗೆದ್ರೆ ಏನಾಗುತ್ತೆ?"

"ತೆಗೆದ್ರೆ ನಾಟಕ ಎಲ್ಲಿ ಉಳೀತ್ರೀ? ನನ್ನ ಭಾಷಣ ಗೋಡೆಗೆ ಮಾಡ್ಲಾ? ಕಾವಲುಗಾರ ಅಂದ್ಮೇಲೆ ಯೋಚನೆ ಮಾಡಬಾರ್ದು." ಮ್ಯಾನೇಜರು ದನಿ ತಗ್ಗಿಸಿದರು. "ನೋಡಿ, ನಿಮ್ಮ ವರ್ಗಾವಣೆ ಕಾಗದ ಇದೇ ಡ್ರಾಯರಲ್ಲಿದೆ. ನಾಟಕ ಸುಸೂತ್ರವಾಗಿ ಮುಗೀಲಿ, ನಾಳೆ ಸಹಿ ಹಾಕ್ತೀನಿ."

ಗುಮಾಸ್ತ ತಲೆಯಾಡಿಸಿ ಹೊರಬಂದ. ಹೆಂಡತಿಗೆ ಬೇರೆ ಊರಿನ ಶಾಲೆಯಲ್ಲಿ ಕೆಲಸ. ಮಗಳು ಅಲ್ಲೇ ಹುಟ್ಟಿ, ಅಲ್ಲೇ ನಡೆಯಲು ಕಲಿತಿದ್ದಳು. ಕಳೆದ ಸಲ ಇವನು ಹೋದಾಗ ಮಗು ಅಮ್ಮನ ಹಿಂದೆ ಅಡಗಿ, "ಈ ಮಾಮ ಯಾವಾಗ ಹೋಗ್ತಾರೆ?" ಎಂದು ಕೇಳಿತ್ತು. ಅಂದಿನಿಂದ ಅವನಿಗೆ ಊಟ ರುಚಿಸಿದ್ದಿಲ್ಲ. ಆ ಊರಿಗೆ ವರ್ಗಾವಣೆ ಒಂದು ಸಿಕ್ಕರೆ ಸಾಕಾಗಿತ್ತು.

ಮಧ್ಯಾಹ್ನ ಹೆಂಡತಿ ಫೋನ್ ಮಾಡಿದಳು. "ಇವತ್ತೊಂದಿನ ಏನೂ ಎಡವಟ್ಟು ಮಾಡ್ಕೋಬೇಡಿ, ರೀ. ಹೇಳಿಕೊಟ್ಟಿದ್ದನ್ನ ಹೇಳಿ ಇಳಿದು ಬಂದ್ಬಿಡಿ."

"ಅಷ್ಟು ಮಾಡೋಕೂ ನನಗೆ ಹೇಳಿಕೊಡ್ಬೇಕೇನೇ?" ಎಂದು ಗುಮಾಸ್ತ ನಕ್ಕ.

ಸಂಜೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರು, ಅವರ ಪಕ್ಕ ಮ್ಯಾನೇಜರ ವಯಸ್ಸಾದ ತಾಯಿ. ಎಲ್ಲವೂ ನಿಜವೆಂದೇ ಕಾಣಬೇಕೆಂದು ಮ್ಯಾನೇಜರು ಉಗ್ರಾಣದ ಕಬ್ಬಿಣದ ಬಾಗಿಲನ್ನೇ ಕಿತ್ತು ತರಿಸಿ, ಅದರದೇ ಬೀಗ ಹಾಕಿಸಿದ್ದರು. ಅಕ್ಕ ಕಟ್ಟಿದ್ದೂ ಅದೇ ಬೀಗದ ಕೈ.

ಕೊನೆಯ ದೃಶ್ಯ ಬಂತು. "ಕಾವಲುಗಾರ, ನನ್ನ ಮಗಳನ್ನು ಒಮ್ಮೆ ನೋಡಬೇಕು" ಎಂದು ರಾಜಕುಮಾರ ಸರಳು ಹಿಡಿದು ಮೊರೆಯಿಟ್ಟ.

ತಾಲೀಮಿನಲ್ಲಿ ಆ ಮಾತನ್ನು ಗುಮಾಸ್ತ ಸಾಕುಬೇಕಾಗುವಷ್ಟು ಕೇಳಿದ್ದ. ಇವತ್ತು ಮಾತ್ರ ಅದು ಕರುಳಿಗೆ ಬಂದು ನಾಟಿತು. ಬಾಯಿ ತೆರೆದ, ಮಾತು ಹೊರಡಲಿಲ್ಲ.

"ಎಲ್ಲವೂ ಬರೆದಿಟ್ಟಾಗಿದೆ," ಪರದೆಯ ಮರೆಯಿಂದ ವೇದಾಂತಿ ಪಿಸುಗುಟ್ಟಿದರು. ಮತ್ತೆ ಪಿಸುಗುಟ್ಟಿದರು. ಆಮೇಲೆ ಹಿಂದಿನ ಸಾಲಿಗೂ ಕೇಳುವಂತೆ, "ಬರೆದಿಟ್ಟಾಗಿದೆ ಕಣಯ್ಯಾ!" ಎಂದರು.

ಗುಮಾಸ್ತನ ಕೈ ಸೊಂಟಕ್ಕೆ ಹೋಯಿತು. ಅದೇ ಗಳಿಗೆಗೆ ಮುಂದಿನ ಸಾಲಿನಲ್ಲಿ ಮ್ಯಾನೇಜರ ತಾಯಿ ಎದ್ದು ನಿಂತರು. "ಬೀಗದಕೈ ಇಟ್ಕೊಂಡು ಏನೋ ನೋಡ್ತೀಯ? ತೆಗಿಯೋ ಮಹರಾಯ! ಪಾಪ, ನನ್ನ ಮಗು ಅಳ್ತಾ ಇದೆ!"

ಗುಮಾಸ್ತ ಬೀಗ ತೆಗೆದ. "ಹೋಗಿ, ರಾಜಕುಮಾರ. ಮಗಳನ್ನ ನೋಡ್ಕೊಂಡು ಬನ್ನಿ. ಏನಾದ್ರೂ ಆಗ್ಲಿ" ಎಂದ.

ರಾಜಕುಮಾರನಿಗೆ ಹೋಗುವ ಮನಸ್ಸಿಲ್ಲ. ಭಾಷಣ ಇನ್ನೂ ಹೊಟ್ಟೆಯಲ್ಲೇ ಇತ್ತು. "ಬಾಗಿಲು ಹಾಕ್ರೀ!" ಎಂದು ಮ್ಯಾನೇಜರು ಹಲ್ಲು ಕಚ್ಚಿ ಒಳಗಿನಿಂದ ಎಳೆದರು. ಗುಮಾಸ್ತ ಹೊರಗಿನಿಂದ ಎಳೆದ. ಕೊಡಲಿ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದ ಕಟುಕ, "ಹಾಗಾದ್ರೆ ನನ್ನ ಪಾರ್ಟು?" ಎಂದು ರಂಗದ ಮೇಲೇ ಬಂದು ಕೇಳಿದ. ಜನ ಬಿದ್ದು ಬಿದ್ದು ನಕ್ಕರು.

"ಬಾರೋ ಪುಟ್ಟಾ, ಹೊರಗೆ ಬಾ! ಅಮ್ಮ ಹೇಳ್ತಿದೀನಿ!" ಎಂದರು ತಾಯಿ.

ಅಮ್ಮನ ಮಾತು ಮೀರಿ ಅಭ್ಯಾಸವಿಲ್ಲದ ಮ್ಯಾನೇಜರು ತಲೆತಗ್ಗಿಸಿ ಹೊರಗೆ ಬಂದರು. ಚಪ್ಪಾಳೆಯೋ ಚಪ್ಪಾಳೆ. ಪರದೆ ಬಿತ್ತು.

ಗುಮಾಸ್ತನ ಎದೆ ಹಗುರವಾಗಿತ್ತು. ವರ್ಗಾವಣೆ ಹೋಯಿತು ಎಂದು ಗೊತ್ತಿತ್ತು. ಹೋದರೆ ಹೋಗಲಿ, ಹುಟ್ಟಿದ ಮೇಲೆ ಒಂದು ಕೆಲಸವನ್ನಾದರೂ ತಾನೇ ಮಾಡಿದೆನಲ್ಲ ಎಂದುಕೊಂಡ.

"ಏನ್ ನೀನು ಮಾಡಿದ್ದು?" ಎಂದರು ವೇದಾಂತಿ. "ಅಜ್ಜಿ ತೆಗಿ ಅಂದ್ರು, ನೀನು ತೆಗೆದೆ. ಯಾವತ್ತಿನ ಹಾಗೇನೇ."

"ಇಲ್ಲ ಸಾರ್! ಅವರು ಕೂಗೋಕೆ ಮೊದಲೇ ನನ್ನ ಕೈ ಸೊಂಟಕ್ಕೆ ಹೋಗಿತ್ತು!"

"ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ಮೊದಲೇ ಹೋಗಿತ್ತೇ, ಆಮೇಲೆ ಹೋಯಿತೇ? ಯೋಚಿಸಿದಷ್ಟೂ ಅವನಿಗೇ ಅನುಮಾನವಾಗತೊಡಗಿತು.

ಅಷ್ಟರಲ್ಲಿ ಮ್ಯಾನೇಜರು ಕಿರೀಟವನ್ನು ಕಂಕುಳಲ್ಲಿಟ್ಟುಕೊಂಡು ಬಂದರು. "ತಪ್ಪಾಯ್ತು ಸಾರ್" ಎಂದು ಗುಮಾಸ್ತ ಕೈಮುಗಿದ.

"ತಪ್ಪೇನ್ರೀ? ದೊಡ್ಡ ಸಾಹೇಬ್ರು ಎದ್ದು ನಿಂತು ಚಪ್ಪಾಳೆ ಹೊಡೆದ್ರು! ಮನುಷ್ಯ ಮನಸ್ಸು ಮಾಡಿದ್ರೆ ವಿಧೀನೂ ಗೆಲ್ತಾನೆ ಅಂತ ಎಷ್ಟು ಚೆನ್ನಾಗಿ ತೋರಿಸಿದ್ದೀರಿ ಅಂದ್ರು. ಎಲ್ಲಾ ಶಾಖೆಗಳಲ್ಲೂ ಆಡಬೇಕಂತೆ. ವರ್ಷಪೂರ್ತಿ!"

"ನನ್ನ ವರ್ಗಾವಣೆ ಸಾರ್?"

"ನಿಮ್ಮನ್ನ ಕಳಿಸಿ ಬೀಗ ಯಾರ ಕೈಲಿ ತೆಗೆಸ್ಲಿ? ಯಾರನ್ನ ಬಿಟ್ರೂ ಆ ಕಾವಲುಗಾರನ್ನ ಬಿಡಬೇಡಿ ಅಂತ ಸಾಹೇಬ್ರ ಅಪ್ಪಣೆ. ಬನ್ನಿ ಬನ್ನಿ, ಬಿಸಿ ಇರುವಾಗಲೇ ಒಂದು ಸಲ ತಾಲೀಮು ಮಾಡಿಬಿಡೋಣ."

ಮ್ಯಾನೇಜರು ತಾವೇ ಸೆರೆಮನೆಯ ಒಳಗೆ ಹೋಗಿ ನಿಂತರು. ಗುಮಾಸ್ತ ಬಾಗಿಲು ಎಳೆದು ಬೀಗ ಹಾಕಿದ. ಸಭಾಂಗಣ ಖಾಲಿಯಾಗಿತ್ತು. ಹೊರಬಾಗಿಲು ಹಾರುಹೊಡೆದಿತ್ತು. ಹೆಂಡತಿಯ ಊರಿಗೆ ಇನ್ನೂ ಬಸ್ಸಿತ್ತು. ಅವನು ಒಮ್ಮೆ ಬೀಗವನ್ನೂ ಒಮ್ಮೆ ಹೊರಬಾಗಿಲನ್ನೂ ನೋಡಿದ.

"ಇವತ್ತು ಸ್ವಲ್ಪ ಅವಸರ ಆಯ್ತು," ಒಳಗಿನಿಂದ ಮ್ಯಾನೇಜರು ಹೇಳಿದರು. "ತಡೆದು, ಯೋಚಿಸಿ, ಯಾರೂ ಹೇಳದೆ ನೀವಾಗೇ ತೀರ್ಮಾನ ಮಾಡಿದ ಹಾಗೆ ಕಾಣಬೇಕು. ನಾನು ಎಣಿಸ್ತೀನಿ. ಮೂರು ಅಂದ ತಕ್ಷಣ ತೀರ್ಮಾನ ಮಾಡಿ. ಒಂದು... ಎರಡು..."

ಮೂರಕ್ಕೆ ಸರಿಯಾಗಿ ಗುಮಾಸ್ತ ಬೀಗ ತೆಗೆದ.