ನಮ್ಮವರ ಪೇಪರು, ನನ್ನ ಎರೆಹುಳು

ನಮ್ಮವರು ತೀರಿಕೊಂಡ ಮೇಲೆ ನಡುಮನೆಯಲ್ಲಿ ಉಳಿದದ್ದು ಅವರ ಕುರ್ಚಿ ಮತ್ತು ಸೂರು ಮುಟ್ಟುವಷ್ಟು ಹಳೇ ಪೇಪರು. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಅವರು ಓದಿದ ಹಾಳೆಯಲ್ಲಿ ಹುಣಸೂರು ಬಸ್ ಸ್ಟ್ಯಾಂಡಿನ ಯಾರೋ ಬೋಂಡದ ಎಣ್ಣೆ ಒರೆಸಿಕೊಳ್ಳುವುದೇ? ಅದರ ಬದಲು ಎರೆಹುಳು ತಿಂದು ಗೊಬ್ಬರ ಮಾಡಲಿ, ಅವರು ನೆಟ್ಟ ಸೀಬೆ ಗಿಡಕ್ಕೆ ಹಾಕೋಣ ಎಂದು ತೀರ್ಮಾನಿಸಿದೆ.

ಇದರಲ್ಲಿ ಕಷ್ಟವೇನಿದೆ? ಪೇಪರು ಹರಿದು, ನೆನೆಸಿ, ಸಗಣಿ ಬೆರೆಸಿ ಹಿತ್ತಲ ತೊಟ್ಟಿಗೆ ತುಂಬಿದೆ. ಹುಳು ಬಿಟ್ಟೆ. ಬಿಳಿಕೆರೆಯ ತಮ್ಮನ ಮನೆಯಿಂದ ತಂದ ಗೋಣಿತಾಟು ಹೊದಿಸಿ ದಿನವೂ ನೀರು ಚಿಮುಕಿಸಿದೆ. ಬಾಣಂತಿಗೂ ಇಷ್ಟು ಆರೈಕೆ ಸಿಗುವುದಿಲ್ಲ!

ವಾರದೊಳಗೆ ಹುಳುಗಳು ನಾಪತ್ತೆ.

ಅನುಮಾನ ನೇರವಾಗಿ ಪಕ್ಕದ ಮನೆಯ ಕುಮಾರನ ಮೇಲೆ ಹೋಯಿತು. ಭಾನುವಾರ ಬಂದರೆ ಲಕ್ಷ್ಮಣತೀರ್ಥ ಹೊಳೆಗೆ ಗಾಳ ಹಾಕುವ ಆಸಾಮಿ. ಗಾಳಕ್ಕೆ ಎರೆಹುಳು ಬೇಕು. ಮೇಲಾಗಿ ಅವರ ಮನೆಯಿಂದ ಮೀನು ಹುರಿಯುವ ವಾಸನೆ. ಇನ್ನೇನು ಸಾಕ್ಷಿ ಬೇಕು? ತೊಟ್ಟಿಯ ಸುತ್ತ ರಂಗೋಲಿ ಪುಡಿ ಚೆಲ್ಲಿದೆ. ಬೆಳಿಗ್ಗೆ ಹೆಜ್ಜೆ ಗುರುತು ಸಿಕ್ಕೇಬಿಟ್ಟಿತು!

ಕುಮಾರನನ್ನು ಕರೆಸಿ, "ಇದರ ಮೇಲೆ ಕಾಲಿಡು" ಎಂದೆ. ಅವನ ಪಾದ ಮೊರದಷ್ಟಗಲ.

"ಎಲ್ಲಿ, ನಿಮ್ ಕಾಲಿಕ್ಕಿ ನೋಡನ ಅಕ್ಕ" ಎಂದ.

ಇಟ್ಟೆ. ಅಚ್ಚು ಹೊಯ್ದ ಹಾಗೆ ಕೂತಿತು!

ಕುಮಾರ ನಗುತ್ತಾ ಗೋಣಿತಾಟು ಎತ್ತಿದ. ಸಾಲಾಗಿ ಸೀನಿದ.

"ಅಯ್ಯೋ, ಇದು ಹೊಗೆಸೊಪ್ಪು ತುಂಬಿದ್ ಗೋಣಿ ಕಣಕ್ಕಾ! ಪುಡಿ ಇನ್ನೂ ಅಂಗೇ ಅದೆ. ದಿನಾ ನೀರಾಕಿ ಉಳಕ್ಕೆ ಕಷಾಯ ಕುಡ್ಸಿದ್ದೀರಲ್ಲ!"

"ಎಲ್ಲಾ ಸತ್ತವೇನೋ?" ಎಂದು ತೊಟ್ಟಿಗೆ ಬಗ್ಗಿ ಕೆದಕಿದೆ. ಈ ಮನೆಗೆ ಒಂದು ಸಾವು ಸಾಕಾಗಿತ್ತು.

"ಸಾಯಾಕ್ ಮುಂಚೆ ಓಡವೆ ಬುಡಿ. ನಮ್ ಕೊಳಾಯಿ ತಾವು ಮಣ್ಣು ಕೆದಕುದ್ರೆ ಬರೀ ಉಳ. ಎಲ್ಲಿಂದ ಬಂದ್ವು ಅಂತ ನಂಗೂ ಅನುಮಾನ ಇತ್ತು."

ತೊಟ್ಟಿಯ ತೂತಿನಿಂದ ಇಳಿದು, ಕಾಂಪೌಂಡಿನಡಿ ತೂರಿ ಆಚೆ ಮನೆ ಸೇರಿದ್ದವು.

"ಗಾಳಕ್ಕೆ ಹಾಕಿದೆಯಾ?"

"ಒಂದೆರಡು ಆಕಿದ್ದೆ. ಮೀನು ಮೂಸೂ ನೋಡ್ನಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು!"

ಹುಳುಗಳನ್ನು ವಾಪಸು ಕರೆಯುವ ಮುಖ ನನಗಿರಲಿಲ್ಲ. ಈಗ ಪೇಪರನ್ನೇ ಗೋಡೆ ದಾಟಿಸುತ್ತೇನೆ. ಗೊಬ್ಬರ ಈಚೆಗೆ ಬರಬೇಕೆಂದು ಒಪ್ಪಂದ. ಅವನು ಹರಿಯುವ ಮುಂಚೆ ಒಂದೊಂದು ಹಾಳೆಯನ್ನೂ ಗಟ್ಟಿಯಾಗಿ ಓದುತ್ತಾನೆ. ಕದ್ದು ಗುಜರಿಗೆ ಹಾಕಿಯಾನೆಂದು ನಾನು ಈಚೆ ಕಾವಲು ಕೂರುತ್ತೇನೆ.

ಮೊನ್ನೆ, "ಅಕ್ಕಾ, ಸಾಯಂಕಾಲ ಜೋರು ಮಳೆಯಂತೆ!" ಎಂದು ಕೂಗಿದ. ಎದ್ದುಬಿದ್ದು ಓಡಿ, ತಂತಿಯ ಮೇಲಿನ ಬಟ್ಟೆಯನ್ನೆಲ್ಲ ಹಸಿಹಸಿಯಾಗಿಯೇ ಬಾಚಿಕೊಂಡು ಒಳಗೆ ಬಂದೆ. ಕುರ್ಚಿಯ ಮೇಲೆ ಹರವುವಾಗ ಹೊಳೆಯಿತು.

ಅದು ನಮ್ಮವರಿದ್ದಾಗ ಬಂದುಹೋದ ಮಳೆ!